ದೆಹಲಿಯಲ್ಲಿ ಅಜ್ಜಿಯ ಮೈಲಿಗೆ

ಆಗಿನ್ನೂ ಹುಳಿಮಾವಿನಲ್ಲಿ ನಮ್ಮ ಹೊಲದ ಒಂದು ತುಂಡು ಉಳಿದಿತ್ತು. ಮಿಕ್ಕಿದ್ದೆಲ್ಲ ಸೈಟುಗಳಾಗಿ, ಅಪ್ಪ ಮನೆ ಮೇಲೆ ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟು, ಟೀವಿ ಮುಂದೆ ಕಾಲು ಚಾಚಿ ಕೂರುವ ದೊಡ್ಡ ಮನುಷ್ಯನಾಗಿದ್ದ. ಆ ತುಂಡನ್ನು ಮಾತ್ರ ಮಾರಲು ಅಜ್ಜಿ ಬಿಟ್ಟಿರಲಿಲ್ಲ. ತಾತನನ್ನು ಮಣ್ಣು ಮಾಡಿದ್ದು ಅಲ್ಲೇ.

ನಮ್ಮದೇನು ಮಡಿವಂತರ ಮನೆಯಲ್ಲ. ಭಾನುವಾರ ಬಂತೆಂದರೆ ಬೀದಿಗೆಲ್ಲ ಘಮ ಹೋಗುವಂತೆ ಮಸಾಲೆ ಅರೆದು ಕೋಳಿ ಸಾರು ಮಾಡುವವರು. ಆದರೆ ಸಾವಿನ ವಿಷಯದಲ್ಲಿ ಅಜ್ಜಿ ಬಲು ಕಟ್ಟುನಿಟ್ಟು. ಮಣ್ಣಿಗೆ ಹೋಗಿ ಬಂದವರು ತಲೆಗೆ ನೀರು ಹಾಕಿಕೊಳ್ಳದೆ ಹೊಸ್ತಿಲು ದಾಟುವಂತಿಲ್ಲ, ಮಕ್ಕಳನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಸಾವು ಅವರ ಹಿಂದೆಯೇ ಬರುತ್ತದೆ ಎಂದು ಅವಳ ನಂಬಿಕೆ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಕ್ರಿಸ್‌ಮಸ್ ರಜೆಗೆ ದೆಹಲಿಗೆ ಹೋದೆವು. ಅಪ್ಪನ ತಮ್ಮ, ನನ್ನ ಚಿಕ್ಕಪ್ಪ, ಅಲ್ಲಿ ಮಿಲಿಟರಿಯಲ್ಲಿದ್ದ. ಅವನನ್ನು ಗಡಿಗೆ ಹಾಕಿದ್ದರು. ಹೋಗುವ ಮುಂಚೆ ಒಂದು ಸಲ ನೋಡಿಬರೋಣವೆಂದು ಅಜ್ಜಿಯ ಹಠ. ರೈಲಿನ ಸೀಟಿನ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು, ಹುಣಸೆಬೀಜ ಎಸೆಯುತ್ತ, ಕೋಡುಬಳೆ ಮುರಿದು ತಿನ್ನುತ್ತ ಹೋದೆವು. ಅಜ್ಜಿ ಆಟಕ್ಕೆ ಬರಲಿಲ್ಲ. ಮಗನಿಗೆಂದು ಮಾಡಿದ ರವೆ ಉಂಡೆಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಲೇ ಇದ್ದಳು.

ದೆಹಲಿಯಲ್ಲಿ ಮಂಜು. ಗಾಳಿಯಲ್ಲಿ ಸುಟ್ಟ ಟಯರಿನ ವಾಸನೆ. ಎಷ್ಟು ಹೊತ್ತಾದರೂ ಬಿಸಿಲೇರಲಿಲ್ಲ. ಚಿಕ್ಕಪ್ಪ ಯೂನಿಫಾರ್ಮಿನಲ್ಲೇ ಬಂದು ಊರು ತೋರಿಸಲು ಹೊರಡಿಸಿದ. ಮೊದಲು ಕೆಂಪು ಕಲ್ಲಿನ ದೊಡ್ಡದೊಂದು ಕಟ್ಟಡ. ಯಾವ ರಾಜನ ಅರಮನೆಯೆಂದು ಕೇಳಿ ಅಜ್ಜಿ ಸರಸರ ಮೆಟ್ಟಿಲು ಹತ್ತಿದಳು.

“ಅರಮನೆ ಅಲ್ಲ ಕಣವ್ವ. ಬಾದಶಾನ ಗೋರಿ,” ಎಂದ ಚಿಕ್ಕಪ್ಪ.

ಅಜ್ಜಿ ಅರ್ಧಕ್ಕೇ ಇಳಿದು ಬಂದಳು. ಅಲ್ಲಿಂದ ರಾಜಘಾಟ್. ಚಪ್ಪಲಿ ಬಿಟ್ಟು, ತಣ್ಣಗೆ ಕೊರೆಯುವ ಕಲ್ಲಿನ ಮೇಲೆ ನಡೆದು, ಚೆಂಡುಹೂವು ಹಾಕಿದ ಕಪ್ಪು ಕಲ್ಲು ನೋಡಿದೆವು.

“ಇದೇನ್ಲಾ ಊರು? ಎಲ್ಲೋದ್ರೂ ಸಮಾಧಿನೇ. ಬದುಕಿರೋರು ಎಲ್ಲವ್ರೆ?” ಎಂದಳು. ಅಪ್ಪ ನಕ್ಕ. ನನಗೆ ನಗು ಬರಲಿಲ್ಲ. ಅವಳು ಬೆಳಿಗ್ಗೆಯಿಂದ ಹಿಡಿದಿದ್ದ ನನ್ನ ಕೈಯನ್ನು ಬಿಟ್ಟುಬಿಟ್ಟಿದ್ದಳು.

ಕೊನೆಗೆ ಇಂಡಿಯಾ ಗೇಟ್. ಕಮಾನಿನ ಕೆಳಗೆ ತಲೆಕೆಳಗಾಗಿ ನಿಲ್ಲಿಸಿದ ಬಂದೂಕು, ಅದರ ಮೇಲೊಂದು ಹೆಲ್ಮೆಟ್, ಪಕ್ಕದಲ್ಲಿ ಆರದ ಬೆಂಕಿ. ಮೇಲೆ ನೋಡಿದಷ್ಟೂ ಕಲ್ಲಿನಲ್ಲಿ ಸತ್ತ ಸಿಪಾಯಿಗಳ ಹೆಸರು.

“ನೋಡು ಪುಟ್ಟಿ, ನನ್ನ ಹೆಸರಿಗೂ ಒಂಚೂರು ಜಾಗ ಬಿಟ್ಟವ್ರೆ,” ಎಂದ ಚಿಕ್ಕಪ್ಪ.

“ಬಿಡ್ತು ಅನ್ನೋ! ಬಿಡ್ತು ಅನ್ನು!” ಅಜ್ಜಿ ಕೂಗಿದ ರಭಸಕ್ಕೆ ಅಕ್ಕಪಕ್ಕದವರು ತಿರುಗಿದರು.

ಅವನು ನಗುತ್ತಿದ್ದಂತೆಯೇ ಫೋನ್ ಬಂತು. ಹಿಂದಿಯಲ್ಲಿ ಎರಡು ಮಾತಾಡಿ ಇಟ್ಟ. ನಾಳೆ ಸಂಜೆ ಗಡಿಗೆ ಹೊರಡಬೇಕಿದ್ದವನು ಈಗಲೇ ಹೊರಡಬೇಕಂತೆ. ಸಾಮಾನನ್ನು ಜೊತೆಯವನು ಸ್ಟೇಷನ್ನಿಗೇ ತರುತ್ತಾನಂತೆ. ಬಿಡ್ತು ಅನ್ನುವುದು ಅವನಿಗೆ ಮರೆತೇಹೋಯಿತು. ಅಜ್ಜಿಗೆ ಮರೆಯಲಿಲ್ಲ. ಟ್ಯಾಕ್ಸಿಯಲ್ಲಿ ದಾರಿಯುದ್ದಕ್ಕೂ ಅವಳ ತುಟಿ ಅದನ್ನೇ ಹೇಳುತ್ತಿತ್ತು.

ಪ್ಲಾಟ್‌ಫಾರಂನಲ್ಲಿ ಚಿಕ್ಕಪ್ಪ ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದ. ಅಜ್ಜಿ ಹಿಂದಕ್ಕೆ ಸರಿದಳು.

“ಮುಟ್ಟಬ್ಯಾಡ ಕಣಪ್ಪ. ಗೋರಿ ತುಳ್ದು ಬಂದಿವ್ನಿ, ಮೈಗೆ ನೀರು ಬಿದ್ದಿಲ್ಲ.”

“ನಾನೂ ಅಲ್ಲೇ ಇದ್ನಲ್ಲವ್ವ?”

“ನೀನು ಸರ್ಕಾರದ ಬಟ್ಟೇಲಿದೀಯ, ನಿಂಗೆ ತಟ್ಟಲ್ಲ. ನನ್ನ ಕೈಯಿಂದ ತಟ್ಟಬಾರ್ದು. ಇರು, ತಲೆಗಿಷ್ಟು ನೀರು ಹಾಕ್ಕೊಂಡು ಬತ್ತೀನಿ.”

ನಲ್ಲಿ ಪ್ಲಾಟ್‌ಫಾರಂನ ಆ ತುದಿಯಲ್ಲಿತ್ತು. ಬಾಟಲಿ ಹಿಡಿದ ಜನರ ನಡುವೆ ನುಗ್ಗಿ ಅವಳು ತಲೆ ಒಡ್ಡಿದ್ದು ದೂರದಿಂದ ಕಂಡಿತು. ಅಷ್ಟರಲ್ಲಿ ರೈಲು ಸಿಳ್ಳೆ ಹಾಕಿತು. ನೀರು ಸುರಿಯುವ ತಲೆಯಲ್ಲಿ, ಸೀರೆ ಎತ್ತಿ ಹಿಡಿದು, ಎರಡೂ ಕೈ ಮುಂದೆ ಚಾಚಿಕೊಂಡು ಅಜ್ಜಿ ಓಡಿ ಬಂದಳು. ಬೋಗಿ ಆಗಲೇ ಚಲಿಸುತ್ತಿತ್ತು. ಬಾಗಿಲಲ್ಲಿ ನಿಂತ ಚಿಕ್ಕಪ್ಪನೂ ಕೈ ಚಾಚಿದ. ಎಟುಕಲಿಲ್ಲ.

“ಬೇಸಿಗೆಗೆ ಬರ್ತೀನಿ ಬಿಡವ್ವ!” ಎಂದು ಕೂಗಿದ.

ಹಿಂತಿರುಗುವ ರೈಲಿನಲ್ಲಿ ಆಟ ಸಾಗಲಿಲ್ಲ. ಅಪ್ಪ ಹುಣಸೆಬೀಜಗಳನ್ನು ಜೇಬಿಗೆ ಹಾಕಿಕೊಂಡ. ಅಜ್ಜಿಗೆ ಜ್ವರ ಬಂದಿತ್ತು.

ಬೇಸಿಗೆಗೆ ಮುಂಚೆಯೇ ಚಿಕ್ಕಪ್ಪ ಬಂದ, ಬಾವುಟ ಹೊದಿಸಿದ ಪೆಟ್ಟಿಗೆಯಲ್ಲಿ. ನಮ್ಮ ಮನೆಯಿಂದ ಊರ ಕೆರೆ ಏರಿಯವರೆಗೂ ಜನ. ಪೆಟ್ಟಿಗೆ ತೆಗೆಯುವಂತಿಲ್ಲ ಎಂದರು. ಅಜ್ಜಿ ಅಳಲಿಲ್ಲ, ಬೈಯಲಿಲ್ಲ. ಜೊತೆಗೆ ಬಂದಿದ್ದ ಆಫೀಸರ ಮುಂದೆ ನಿಂತು, “ಸ್ವಾಮಿ, ಮುಖ ಬ್ಯಾಡ. ಒಂದು ಕೈ ಮುಟ್ಟಿ ಬಿಡ್ತೀನಿ,” ಎಂದು ಕೇಳಿದಳು. ಅವರಿಗೆ ಕನ್ನಡ ಬಾರದು. ಆದರೂ ಅರ್ಥವಾಗಿರಬೇಕು, ಕೈಮುಗಿದು ತಲೆ ತಗ್ಗಿಸಿದರು.

ತಾತನ ಪಕ್ಕದಲ್ಲೇ ಮಣ್ಣು ಮಾಡಿ ಬಂದು ಎಲ್ಲರೂ ಸಾಲಾಗಿ ತಲೆಗೆ ನೀರು ಹಾಕಿಕೊಂಡರು. ಅಮ್ಮ ಅಜ್ಜಿಗೆಂದು ನೀರು ತೋಡಿಟ್ಟು ಕರೆದಳು. ಅಜ್ಜಿ ಮೈಯೆಲ್ಲ ಮಣ್ಣಾದ ಹಾಗೆಯೇ ಹೊಸ್ತಿಲು ದಾಟಿ ಒಳಗೆ ಬಂದು, ಮೂಲೆಯಲ್ಲಿ ಕೂತಿದ್ದ ನನ್ನನ್ನು ಎಳೆದು ತಬ್ಬಿಕೊಂಡಳು. ನನಗೆ ಜೀವ ಹಾರಿಹೋದಂತೆ ಹೆದರಿಕೆಯಾಯಿತು. ಅವಳು ಬಿಡಲಿಲ್ಲ.

ಅಜ್ಜಿಯೂ ಹೋಗಿ ವರ್ಷಗಳಾದವು. ಆ ಹೊಲದ ತುಂಡಿನ ಸುತ್ತ ಅಪಾರ್ಟ್‌ಮೆಂಟುಗಳು ಎದ್ದಿವೆ. ಸಾವಿನ ಮನೆಗೆ ಹೋಗಿ ಬಂದರೆ ನಮ್ಮಲ್ಲಿ ಈಗ ಯಾರೂ ಬಚ್ಚಲಿಗೆ ಓಡುವುದಿಲ್ಲ. ತಲೆಗೆ ಎರಡು ಚೊಂಬು ನೀರು ಹಾಕಿಕೊಂಡರೆ ಸಾವು ಹೊರಗೇ ನಿಲ್ಲುತ್ತದೆ ಎಂಬ ಧೈರ್ಯವೊಂದಿತ್ತು ನಮ್ಮ ಮನೆಯಲ್ಲಿ. ಅದು ಚಿಕ್ಕಪ್ಪನ ಜೊತೆಗೇ ಹೋಯಿತು.