ಮಹಾದೇವಿಗೆ ಬಡಿಸಿದ ಕಳಲೆ ಪಲ್ಯ

ಮೂರು ವರ್ಷದ ಹಿಂದಿನ ಆಷಾಢ. ಬಾಳೂರಿನ ಹತ್ತಿರದ ಶಾಲೆಯೊಂದರಲ್ಲಿ ನಾನು ಆಗಲೂ ಟೀಚರ್, ಈಗಲೂ ಟೀಚರ್. ಆ ವರ್ಷ ವಿಜಯಪುರದ ಕಡೆಯಿಂದ ಮಹಾದೇವಿ ಎಂಬ ಗಣಿತದ ಟೀಚರ್ ನಮ್ಮಲ್ಲಿಗೆ ಹೊಸದಾಗಿ ಬಂದಿದ್ದಳು. ನನಗಿಂತ ಏಳೆಂಟು ವರ್ಷ ಚಿಕ್ಕವಳು. ಗಂಡನಿಗೆ ಅವರ ಊರಲ್ಲೇ ಕೆಲಸ, ಹಾಗಾಗಿ ಶಾಲೆಯ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿದು ಒಬ್ಬಳೇ ಇದ್ದಳು.

ಅವಳಿಗೂ ನನಗೂ ಮೊದಲ ದಿನದಿಂದಲೇ ಜಗಳ, ಅದೂ ಊಟದ ವಿಷಯಕ್ಕೆ. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿದರೆ ಅವಳದ್ದು ಜೋಳದ ರೊಟ್ಟಿ, ಶೇಂಗಾ ಚಟ್ನಿ. ನನ್ನದು ಅಕ್ಕಿ ರೊಟ್ಟಿ, ಇಲ್ಲದಿದ್ದರೆ ಕಡುಬು.

"ಏನ್ರೀ ಅಕ್ಕಾ, ಮುಂಜಾನೆ ಅಕ್ಕಿ, ಮಧ್ಯಾಹ್ನ ಅಕ್ಕಿ, ಸಂಜೀಕೂ ಅಕ್ಕಿ! ನಿಮ್ಮ ಮಂದಿಗೆ ಬ್ಯಾರೆ ಕಾಳು ಗೊತ್ತೇ ಇಲ್ಲೇನು?" ಎನ್ನುವಳು.

"ನಿಮ್ಮ ರೊಟ್ಟಿ ಮುರಿಯೋಕೆ ಸುತ್ತಿಗೆ ಬೇಕಲ್ಲ ಮಾರಾಯ್ತಿ" ಎಂದು ನಾನು. ಅವಳು ಚಹಾ, ನಾನು ಕಾಫಿ. ನಮ್ಮ ಕಡೆ ಕಾಫಿ ಬೇಡ ಎಂದವರನ್ನು ಹುಷಾರಿಲ್ವಾ ಎಂದು ಕೇಳುತ್ತಾರೆ. ಅವಳನ್ನೂ ಎಲ್ಲರೂ ಹಾಗೇ ಕೇಳಿ ಕೇಳಿ ಗೋಳು ಹೊಯ್ದುಕೊಂಡಿದ್ದರು.

ಒಂದು ದಿನ ಮಾತಿಗೆ ಮಾತು ಬೆಳೆದು, "ನೀನು ಕಳಲೆ ತಿಂದಿದೀಯಾ?" ಎಂದೆ.

"ಹಂಗಂದ್ರೇನ್ರೀ?"

"ಬಿದಿರಿನ ಮೊಳಕೆ. ಮಳೆಗಾಲದಲ್ಲಿ ನೆಲದಿಂದ ಮೇಲೆ ಬರುತ್ತಲ್ಲ, ಅದು."

"ಬಿದರಾ? ಬಿದರು ತಿಂತೀರೇನ್ರೀ ನೀವು? ನಮ್ಮ ಕಡೆ ಅದರಾಗ ಬುಟ್ಟಿ ಹೆಣೀತಾರ್ರೀ ಯವ್ವಾ!"

ಇಡೀ ಸ್ಟಾಫ್ ರೂಮ್ ಬಿದ್ದು ಬಿದ್ದು ನಕ್ಕಿತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನನ್ನನ್ನು ಬೈದರೂ ತಡೆದುಕೊಂಡೇನು, ನಮ್ಮೂರಿನ ಊಟವನ್ನು ಆಡಿಕೊಂಡರೆ ಮೈಯೆಲ್ಲ ಉರಿಯುತ್ತದೆ. "ಈ ಭಾನುವಾರ ಊಟಕ್ಕೆ ಬಾ. ತಿಂದು ಆಮೇಲೆ ಮಾತಾಡು" ಎಂದೆ.

ಕಳಲೆಯನ್ನು ತಂದ ದಿನವೇ ತಿನ್ನುವಂತಿಲ್ಲ. ಹಸಿ ಕಳಲೆಯಲ್ಲಿ ವಿಷವಿರುತ್ತದೆ. ಸಿಪ್ಪೆ ಬಿಡಿಸಿ, ಸಣ್ಣಗೆ ಹೆಚ್ಚಿ, ಮೂರು ದಿನ ನೀರಲ್ಲಿ ನೆನೆಹಾಕಿ, ದಿನಾ ಬೆಳಗ್ಗೆ ಆ ನೀರು ಚೆಲ್ಲಿ ಹೊಸ ನೀರು ಹಾಕಬೇಕು. ನಮ್ಮಲ್ಲಿ ಮಕ್ಕಳಿಗೂ ಇದು ಗೊತ್ತು. ನಮ್ಮ ಅತ್ತೆ ಲೆಕ್ಕ ತಪ್ಪಬಾರದೆಂದು ಒಂದು ಪದ್ಧತಿ ಇಟ್ಟುಕೊಂಡಿದ್ದಾರೆ. ನೀರು ಬದಲಿಸಿದಾಗಲೆಲ್ಲ ಪಾತ್ರೆಯ ಮುಚ್ಚಳದ ಮೇಲೆ ಒಂದು ಕಾಫಿ ಎಲೆ ಇಡುತ್ತಾರೆ, ಅದರ ಮೇಲೊಂದು ಕಲ್ಲು. ಮೂರು ಎಲೆ ಆದ ಮೇಲೇ ಅದು ಒಲೆಗೆ ಹೋಗುವುದು.

ಮಹಾದೇವಿಗೆಂದೇ ಅತ್ತೆ ಗುರುವಾರ ಒಂದು ಪಾತ್ರೆ ಕಳಲೆ ನೆನೆಹಾಕಿದ್ದರು. ಶನಿವಾರ ಸಂಜೆ ತೋಟದ ಅಂಚಿನಲ್ಲಿ ಇನ್ನೆರಡು ಮೊಳಕೆ ಸಿಕ್ಕಿತೆಂದು ತಂದು ಅದನ್ನೂ ಹೆಚ್ಚಿ ಇನ್ನೊಂದು ಪಾತ್ರೆಗೆ ಹಾಕಿದರು. ಎರಡೂ ಒಂದೇ ಅಳತೆಯ ಅಲ್ಯೂಮಿನಿಯಂ ಪಾತ್ರೆ. ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಎರಡನ್ನೂ ಇಟ್ಟಿದ್ದರು.

ಭಾನುವಾರ ಬೆಳಗ್ಗೆ ಅತ್ತೆ ಎರಡರ ನೀರನ್ನೂ ಬದಲಿಸಿ, ಎಲೆ ಇಟ್ಟು, ಪಕ್ಕದ ಮನೆಯ ನಾಮಕರಣಕ್ಕೆ ಹೋದರು. ನಮ್ಮ ಯಜಮಾನರು ಕಳಸಕ್ಕೆ ಹೋಗಿದ್ದರು. ಮನೆಯಲ್ಲಿ ನಾನೊಬ್ಬಳೇ. ಕೈ ತೊಳೆಯಲು ಮಹಾದೇವಿ ಹಿತ್ತಿಲಿಗೆ ಬಂದರೆ ಅಲ್ಲೆಲ್ಲ ಪಾಚಿ, ಕಸ. ಬಯಲುಸೀಮೆಯವಳು ನೋಡಿ ಏನಂದುಕೊಂಡಾಳು ಎಂದು ಪಾತ್ರೆಗಳನ್ನು ಸರಿಸಿ, ಮುಚ್ಚಳ ತೊಳೆದು, ನೆಲ ತಿಕ್ಕಿ, ಮತ್ತೆ ಜೋಡಿಸಿಟ್ಟೆ. ಎಲೆಗಳು ಕಸದ ಜೊತೆ ಹೋದವು. ಗುರುವಾರದ್ದು ಎಡಗಡೆಯದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಜೋಡಿಸುವಾಗ ಅದನ್ನು ಎಡಗಡೆಗೇ ಇಟ್ಟೆನೋ ಇಲ್ಲವೋ ಎಂಬ ಯೋಚನೆಯೇ ನನ್ನ ತಲೆಗೆ ಬರಲಿಲ್ಲ. ಎಡಗಡೆಯ ಪಾತ್ರೆ ಎತ್ತಿಕೊಂಡು ಒಳಗೆ ಹೋದೆ.

ಕಳಲೆಯನ್ನು ಎರಡು ಸಲ ಬೇಯಿಸಿ ನೀರು ಬಸಿದು, ಕಾಯಿ ಹಾಕಿ ಪಲ್ಯ ಮಾಡಿದೆ. ಕಡುಬು, ಹುರುಳಿ ಸಾರು, ಜೀರಿಗೆ ಮಿಡಿ ಉಪ್ಪಿನಕಾಯಿ. ಅತಿಥಿಗೆ ಬಡಿಸುವ ಮೊದಲು ರುಚಿ ನೋಡುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಮಹಾದೇವಿ ಹನ್ನೆರಡೂವರೆಗೆ ಬಂದಳು, ಒಂದು ಗಂಟೆಗೆ ಎಲೆ ಹಾಕಿದೆ. ಜೊತೆಗೆ ಕೂರಲು ಅವಳು ಎಷ್ಟು ಕರೆದರೂ, ನಾನು ಅತ್ತೆ ಬಂದ ಮೇಲೆ ಊಟ ಮಾಡುತ್ತೇನೆ ಎಂದು ಬಡಿಸುತ್ತ ನಿಂತೆ.

ಮೊದಲ ತುತ್ತಿಗೇ ಅವಳು, "ಸ್ವಲ್ಪ ಕಹಿ ಐತಿ ಅಲ್ರೀ ಅಕ್ಕಾ?" ಎಂದಳು.

"ಅದೇ ಅದರ ರುಚಿ ಮಾರಾಯ್ತಿ. ಶೇಂಗಾ ತಿಂದ ನಾಲಿಗೆಗೆ ಎಲ್ಲಿ ಗೊತ್ತಾಗಬೇಕು!" ಎಂದು ಇನ್ನೊಂದು ಸೌಟು ಬಡಿಸಿದೆ. ಈ ಮಾತು ನೆನಪಾದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಅವಳು ಎರಡು ಸಲ ಹಾಕಿಸಿಕೊಂಡು ತಿಂದಳು. ಊಟವಾಗಿ ಜಗಲಿಯಲ್ಲಿ ಕೂತಾಗ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದಳು. "ಅಕ್ಕಾ, ಯಾರಿಗೂ ಹೇಳಬ್ಯಾಡ್ರಿ. ಮೂರನೇ ತಿಂಗಳು ನಡದೈತಿ. ಮದುವಿ ಆಗಿ ಒಂಬತ್ತು ವರ್ಷ ಆತ್ರೀ. ಎಷ್ಟು ದವಾಖಾನಿ, ಎಷ್ಟು ಹರಕಿ. ಈಗ ನೋಡ್ರಿ, ಹುಳಿ, ಕಹಿ ಏನ್ ಕೊಟ್ರೂ ತಿನ್ನಬೇಕು ಅನಸ್ತದ." ಅವಳ ಕಣ್ಣು ತುಂಬಿತ್ತು. ನನಗೂ ಖುಷಿಯಾಗಿ ತಬ್ಬಿಕೊಂಡೆ.

ಅಷ್ಟರಲ್ಲಿ ಅತ್ತೆ ಬಂದರು. ಮಹಾದೇವಿಯನ್ನು ಮಾತಾಡಿಸಿ ಹಿತ್ತಿಲಿಗೆ ಹೋದವರು ಐದು ನಿಮಿಷಕ್ಕೆ ನನ್ನನ್ನು ಕರೆದರು. ಉಳಿದ ಪಾತ್ರೆಯ ಮುಚ್ಚಳ ತೆಗೆದಿತ್ತು. ಅವರು ಒಂದು ಹೋಳು ಹಿಡಿದು ಮೂಸುತ್ತಿದ್ದರು.

"ಇದು ಗುರುವಾರದ್ದೇ ಅಲ್ವನೇ? ಮೂರು ದಿನ ನೆನೆದು ಹುಳಿ ವಾಸನೆ ಬಂದದೆ. ನೀನು ಮಾಡಿದ್ದು ಯಾವುದು?"

ಒಳಗೆ ಓಡಿ ಬಾಣಲೆಯಲ್ಲಿ ಉಳಿದಿದ್ದ ಪಲ್ಯವನ್ನು ಬಾಯಿಗೆ ಹಾಕಿಕೊಂಡೆ. ಕಹಿ. ನಾಲಿಗೆಯ ಬುಡದಲ್ಲಿ ಕೂತು ಬಿಡುವಂಥ ಕಹಿ. ಉಗುಳಿ ಬಾಯಿ ತೊಳೆದೆ. ನಡುಮನೆಯ ಗಡಿಯಾರದಲ್ಲಿ ಎರಡು ಗಂಟೆಯಾಗಿತ್ತು.

"ಮೊದಲು ಅವಳಿಗೆ ಹೇಳು" ಎಂದರು ಅತ್ತೆ.

"ಬೇಡ ಅತ್ತೆ. ಎರಡು ಸಲ ಬೇಯಿಸಿದೀನಿ, ನೀರು ಚೆಲ್ಲಿದೀನಿ. ಏನೂ ಆಗಲ್ಲ. ಸುಮ್ಮನೆ ಹೆದರ್ತಾಳೆ."

"ಬಸುರಿ ಹೆಂಗ್ಸು ಅನ್ನೋ ಹಾಗೆ ಕಾಣ್ತಾಳಲ್ಲೇ."

"ಹೌದು" ಎಂದೆ. ಅತ್ತೆ ತಲೆಯ ಮೇಲೆ ಕೈಹೊತ್ತು ಅಲ್ಲೇ ಕುಕ್ಕರಿಸಿದರು.

ಜಗಲಿಗೆ ಹೋಗಿ ಕೂತೆ. ಹೇಳಬೇಕೆಂದು ಬಾಯಿ ತೆರೆದರೆ ನಾಲಿಗೆ ಹೊರಳಲಿಲ್ಲ. ನಾಳೆ ಶಾಲೆಗೆಲ್ಲ ಗೊತ್ತಾಗುತ್ತದೆ, ಬಿದಿರು ತಿನ್ನಿಸಿ ವಿಷ ಹಾಕಿದಳು ಅನ್ನುತ್ತಾರೆ, ಅಷ್ಟು ಜಂಬ ಕೊಚ್ಚಿಕೊಂಡವಳ ಮುಖ ಎಲ್ಲಿಡಲಿ? ಒಂದು ಜೀವದ ಎದುರಿಗೆ ಕೂತು ನಾನು ಯೋಚಿಸಿದ್ದು ಇದನ್ನು. ಮಹಾದೇವಿ ಅವಳ ಊರಿನ ಕತೆ ಹೇಳುತ್ತಿದ್ದಳು. ನನಗೆ ಒಂದಕ್ಷರವೂ ಕೇಳಿಸುತ್ತಿರಲಿಲ್ಲ. ಅವಳ ತುಟಿ, ಅವಳ ಉಗುರು ನೋಡುತ್ತಿದ್ದೆ. ಅವಳು ಒಮ್ಮೆ ಆಕಳಿಸಿದರೂ ಎದೆ ಧಸಕ್ಕೆನ್ನುತ್ತಿತ್ತು. ಹೊಟ್ಟೆಯಲ್ಲಿ ಹುಳಿಯಿದ್ದರೆ ಪರವಾಗಿಲ್ಲವೇನೋ ಎಂದು ಮಜ್ಜಿಗೆ ಕೊಟ್ಟೆ. ಅದನ್ನೂ ಪಾಪ, ಹೊಗಳಿ ಕುಡಿದಳು. ಅತ್ತೆ ಎರಡು ಸಲ ಬಾಗಿಲಿಗೆ ಬಂದು ನನ್ನ ಮುಖ ನೋಡಿ ಹೋದರು. ಮೂರನೇ ಸಲ ಬಂದವರು, "ನೀನು ಹೇಳ್ತೀಯೋ, ನಾನು ಹೇಳ್ಲೋ?" ಎಂದು ಗಟ್ಟಿಯಾಗಿ ಕೇಳಿದರು.

"ಏನ್ರೀ ಅಮ್ಮಾ ಅದು?" ಎಂದಳು ಮಹಾದೇವಿ. ಏಳಲು ಹೋದವಳು ಗೋಡೆ ಹಿಡಿದುಕೊಂಡಳು. "ಯಾಕೋ ತಲಿ ತಿರಗಾಕತ್ತೈತಿ ಅಕ್ಕಾ."

ಆಗ ಹೇಳಿದೆ. ಏನು ಹೇಳಿದೆನೋ, ಹೇಗೆ ಹೇಳಿದೆನೋ. "ಮಹಾದೇವೀ, ತಪ್ಪು ಪಾತ್ರೆಯದ್ದು ಮಾಡಿಬಿಟ್ಟೆ, ಅದು ಹಸಿ ಕಳಲೆ, ಅದರಲ್ಲಿ ವಿಷ ಇರುತ್ತೆ, ಆಸ್ಪತ್ರೆಗೆ ಹೋಗೋಣ ಏಳು" ಎಂದು ಅತ್ತುಬಿಟ್ಟೆ. ಅವಳು ಬೈಯಲಿಲ್ಲ. ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡಳು. "ನನ್ನ ಕೂಸು" ಎಂದಷ್ಟೇ ಅಂದಳು.

ಫೋನಿಗೆ ನೆಟ್‌ವರ್ಕ್ ಇರಲಿಲ್ಲ. ರಸ್ತೆಬದಿಯಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ಹಮೀದಣ್ಣನ ಬಳಿಗೆ ಓಡಿದೆ. ಅವರು ಯಾರದೋ ಜೀಪಿನ ಅಡಿ ಮಲಗಿ ರಿಪೇರಿ ಮಾಡುತ್ತಿದ್ದರು. ವಿಷಯ ಕೇಳಿದ್ದೇ ಗ್ರೀಸಿನ ಕೈಯಲ್ಲೇ ತಮ್ಮ ಜೀಪು ಹತ್ತಿದರು. "ಕಳಲೆನಾ? ಯಾ ಅಲ್ಲಾ! ಹತ್ತಿ ಟೀಚರೇ, ಹತ್ತಿ. ಮಾತು ಆಮೇಲೆ."

ಮನೆಯಿಂದ ಅವಳನ್ನು ಹತ್ತಿಸಿಕೊಂಡು ಹೊರಟೆವು. ಮೂಡಿಗೆರೆಯ ಆಸ್ಪತ್ರೆಗೆ ಒಂದು ಗಂಟೆಯ ದಾರಿ, ಬರೀ ತಿರುವು. ಮಹಾದೇವಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಎರಡು ಸಲ ಜೀಪು ನಿಲ್ಲಿಸಿ ವಾಂತಿ ಮಾಡಿದಳು. ಅದು ವಿಷದಿಂದಲೋ, ಬಸುರಿಯ ವಾಂತಿಯೋ, ತಿರುವಿನದ್ದೋ ಯಾರಿಗೆ ಗೊತ್ತು? ಕೊಟ್ಟಿಗೆಹಾರದ ಹತ್ತಿರ ಅವಳು ಕಣ್ಣು ಮುಚ್ಚಿ ಮಾತು ನಿಲ್ಲಿಸಿದಳು. ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡಿದೆ. ನನ್ನ ಬೆರಳೇ ಎಷ್ಟು ತಣ್ಣಗಾಗಿತ್ತೆಂದರೆ ಏನೂ ತಿಳಿಯಲಿಲ್ಲ. "ಮಾತಾಡಿಸ್ತಾ ಇರಿ, ನಿದ್ದೆ ಮಾಡಕ್ಕೆ ಬಿಡಬೇಡಿ" ಎಂದರು ಹಮೀದಣ್ಣ.

"ಮಹಾದೇವೀ, ಜೋಳದ ರೊಟ್ಟಿ ಹೇಗೆ ತಟ್ಟುತ್ತಾರೆ ಹೇಳು" ಎಂದೆ. ಬೇರೇನೂ ತೋಚಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡೇ, "ನೀರು ಕುದೀಬೇಕ್ರೀ... ಹಿಟ್ಟು ನಾದಬೇಕು..." ಎಂದು ತೊದಲಿದಳು. ಮುಂದೆ, ಮುಂದೆ ಎಂದು ನಾನು ಕೇಳುತ್ತಲೇ ಹೋದೆ. ನಮ್ಮ ಊರಿನ ಅಷ್ಟೂ ದೇವರಿಗೆ ಹರಕೆ ಹೇಳಿಕೊಂಡೆ. ಅವಳ ಊರಿನ ದೇವರ ಹೆಸರು ಗೊತ್ತಿರಲಿಲ್ಲ, ಗೊತ್ತಿದ್ದರೆ ಅವರನ್ನೂ ಬಿಡುತ್ತಿರಲಿಲ್ಲ.

ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನವರು, ಮಲೆನಾಡಿನವರೇ. ಕಳಲೆ ಎಂದ ಕೂಡಲೇ ಅರ್ಥವಾಯಿತು. ನಾಡಿ, ಬಿಪಿ ನೋಡಿ, ಆಮ್ಲಜನಕ ಹಾಕಿ, ನನ್ನ ಕಡೆ ತಿರುಗಿದರು. "ಎಷ್ಟು ಹೊತ್ತು ನೆನೆದಿತ್ತು? ಬೇಯಿಸಿದ ನೀರು ಚೆಲ್ಲಿದ್ರಾ?"

"ಒಂದು ರಾತ್ರಿ ನೆನೆದಿತ್ತು. ಎರಡು ಸಲ ಬೇಯಿಸಿ ಚೆಲ್ಲಿದೆ."

"ಹಾಗಾದ್ರೆ ಹೆಚ್ಚಿನದು ನೀರಲ್ಲೇ ಹೋಗಿರಬೇಕು. ಆದ್ರೂ ನಾನೀಗ ಏನೂ ಹೇಳಲ್ಲ. ನಾಳೆವರೆಗೆ ಇಲ್ಲೇ ಇರಲಿ. ಮಗುವಿನದ್ದು ಬೆಳಗ್ಗೆ ಸ್ಕ್ಯಾನ್ ಮಾಡಿ ನೋಡೋಣ."

ಆ ಬೆಳಗಿನ ತನಕ ನಾನು ಬೆಂಚಿನಲ್ಲಿ ಕೂತು ಕಳೆದ ಸಮಯವನ್ನು ನನ್ನ ಶತ್ರುವಿಗೂ ಬಯಸುವುದಿಲ್ಲ. ಅವಳ ಗಂಡನಿಗೆ ಫೋನ್ ಮಾಡಿದೆ. ಅವರು ಆ ಕಡೆಯಿಂದ ಅತ್ತರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಸೋಮವಾರ ಹತ್ತು ಗಂಟೆಗೆ ಸ್ಕ್ಯಾನ್ ಮಾಡಿದರು. ನನ್ನನ್ನೂ ಒಳಗೆ ಕರೆದಿದ್ದರು. ಡಾಕ್ಟರು ಪರದೆ ನೋಡುತ್ತ ಹೊಟ್ಟೆಯ ಮೇಲಿನ ಉಪಕರಣವನ್ನು ಅತ್ತಿತ್ತ ಸರಿಸುತ್ತಿದ್ದರು. ನಾನು ಮಂಚದ ಕಂಬಿ ಹಿಡಿದು ನಿಂತಿದ್ದೆ. ಆಮೇಲೆ ಅವರು ಏನನ್ನೋ ಒತ್ತಿದರು. ಲಬ್ ಲಬ್ ಲಬ್ ಎಂದು ಬಹಳ ಜೋರಾಗಿ, ಬಹಳ ಬೇಗ ಬೇಗ ಸದ್ದು ಕೇಳಿಸಿತು. "ಮಗು ಆರಾಮಾಗಿದೆ" ಎಂದರು. ನಾನು ನೆಲಕ್ಕೇ ಕೂತುಬಿಟ್ಟೆ.

ಮಹಾದೇವಿ ನನ್ನ ಕೈ ಹುಡುಕಿ ಹಿಡಿದುಕೊಂಡಳು. "ಅಕ್ಕಾ, ಬ್ಯಾರೆ ಯಾರರ ಆಗಿದ್ರ ಮುಚ್ಚಿಡತಿದ್ರು. ನೀವು ಗೊತ್ತಾದ ಕೂಡ್ಲೆ ಹೇಳಿದ್ರಿ. ನಿಮ್ಮಿಂದ ಉಳೀತ್ರೀ ನನ್ನ ಕೂಸು."

ಅವಳು ಹಾಗೆ ತಿಳಿದುಕೊಂಡಿದ್ದಳು. ಅಲ್ಲ ಎನ್ನಬೇಕಿತ್ತು. ಪಕ್ಕದಲ್ಲಿ ಡಾಕ್ಟರಿದ್ದರು, ನರ್ಸ್ ಇದ್ದರು. ನಾನು ಅವಳ ತಲೆ ಸವರಿ ಸುಮ್ಮನಾದೆ.

ಮಗಳು ಹುಟ್ಟಿದಳು. ಮಹಾದೇವಿಗೆ ಅವಳ ಊರಿನ ಕಡೆಗೇ ವರ್ಗವಾಯಿತು. ಹಬ್ಬಕ್ಕೆ ತಪ್ಪದೆ ಫೋನ್ ಮಾಡುತ್ತಾಳೆ. ಮಗುವಿನ ಕೈಗೂ ಕೊಟ್ಟು, "ನಿನ್ನ ಉಳಿಸಿದ ದೊಡ್ಡವ್ವ ಇವ್ರೇ, ಮಾತಾಡು" ಎನ್ನುತ್ತಾಳೆ. ಆ ಮಗು "ದೊಡ್ಡವ್ವಾ" ಎಂದಾಗಲೆಲ್ಲ ಅವತ್ತಿನ ಭಯ ಇದ್ದಂತೆಯೇ ಮತ್ತೆ ಬರುತ್ತದೆ. ನಮ್ಮೂರಿನ ಊಟದ ಮೇಲೆ ನನಗೆ ಈಗಲೂ ಅಷ್ಟೇ ಅಭಿಮಾನವಿದೆ. ಅಭಿಮಾನ ನನ್ನ ಬಾಯಿ ಕಟ್ಟಿಹಾಕಿದ್ದನ್ನು ಮಾತ್ರ ಮರೆಯಲಾಗಿಲ್ಲ.

ಪತ್ರಿಕೆಯ ಈ ಪುಟವನ್ನು ನೀನು ತಪ್ಪದೆ ಓದುತ್ತೀಯೆಂದು ನನಗೆ ಗೊತ್ತು ಮಹಾದೇವಿ. ಗೊತ್ತಾದ ಕೂಡಲೇ ನಾನು ಹೇಳಲಿಲ್ಲ. ನಿನ್ನ ಎದುರಿಗೇ ಕೂತು, ನಿನಗೆ ಮಜ್ಜಿಗೆ ಕೊಟ್ಟು, ಮುಕ್ಕಾಲು ಗಂಟೆ ಸುಮ್ಮನಿದ್ದೆ.