ಹಿಂದಿನ ಸೀಟಿನ ಫ್ಲೋರ್‌ಬೋರ್ಡು

ಹೆಂಡತಿಯ ಎಡ ಮೊಣಕಾಲಿಗೆ ಆಪರೇಷನ್ ಆದ ಮೇಲೆ ನಮ್ಮ ಕ್ರೂಸರ್ ಬೈಕಿನ ಹಿಂದಿನ ಸೀಟು ವರ್ಷವಿಡೀ ಖಾಲಿ ಇತ್ತು. ಹಿಂದೆ ಕೂರುವವರ ಪಾದಕ್ಕೆಂದು ಆ ಬೈಕಿನಲ್ಲಿ ಇದ್ದದ್ದು ಹೆಬ್ಬೆರಳಿಗಿಂತ ತುಸು ದಪ್ಪನೆಯ ಎರಡು ಫುಟ್‌ರೆಸ್ಟ್, ಅವೂ ಎತ್ತರದಲ್ಲಿ. ಅವುಗಳ ಮೇಲೆ ಕಾಲಿಟ್ಟರೆ ಮೊಣಕಾಲು ಗಂಟುಕಟ್ಟಿದಂತೆ ಮಡಚಿಕೊಳ್ಳುತ್ತದೆ. ಅವಳು ದೂರಲಿಲ್ಲ. "ನೀವೊಬ್ರೇ ಹೋಗಿ ಬರ್ರಿ," ಅಂದಳು. ಬೈದಿದ್ದರೆ ಇನ್ನೂ ಆಸೆ ಇದೆಯೆಂದು ತಿಳಿಯಬಹುದಿತ್ತು. ಇವಳು ಇನ್ನೆಂದೂ ಬೈಕು ಹತ್ತಲಾರಳೇನೋ ಎಂದು ನನಗೆ ನಿಜಕ್ಕೂ ಭಯವಾಯಿತು.

ಹಾಗಾಗಿ ಹಿಂದಿನ ಸೀಟಿಗೆ ಫ್ಲೋರ್‌ಬೋರ್ಡ್ ಹಾಕಬೇಕೆಂದು ನಿರ್ಧರಿಸಿದೆ. ಪೂರ್ತಿ ಪಾದ ಊರಬಹುದಾದ, ರಬ್ಬರು ಹೊದಿಸಿದ ಹಲಗೆ ಅದು. ಬ್ರ್ಯಾಕೆಟ್ಟಿನಿಂದ ತಗ್ಗಿಗೂ ಇಳಿಸಬಹುದು. ಎಂಜಿನಿಯರಾದವನಿಗೆ ಹಲಗೆ ಕೊಳ್ಳುವುದು ಸುಲಭವಲ್ಲ. ಉದ್ದನೆಯದು ಆರಾಮ, ಆದರೆ ನನ್ನ ಹಿಮ್ಮಡಿಗೆ ತಾಗುತ್ತದೆ. ಗಿಡ್ಡದ್ದು ತಾಗುವುದಿಲ್ಲ, ಅವಳ ಹಿಮ್ಮಡಿ ಹೊರಗುಳಿಯುತ್ತದೆ. ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಮೊಣಕಾಲಿಗೆ ಯಾವ ಎತ್ತರ ಹಿತವೆಂದು ನೋಡಲು ಬೇಸ್‌ಮೆಂಟಿನಲ್ಲಿ ಉಳಿದಿದ್ದ ಟೈಲ್ಸುಗಳನ್ನು ಒಂದೊಂದಾಗಿ ಪಾದದಡಿ ಇಟ್ಟು ತೆಗೆದು, ಟೇಪು ಹಿಡಿದು ಅಳೆದೆ. ಅವಳು ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತಿದ್ದಳು.

"ನನ್ನ ನೋಡಾಕ ಬಂದಾಗ ಇಷ್ಟ ಹೊತ್ತ ನೋಡಿದ್ದಿಲ್ಲ ನೀವು," ಅಂದಳು.

ಕೊನೆಗೆ ತರಿಸಿದ ಹಲಗೆಗಳ ಪಾರ್ಸೆಲ್ ಬಂದದ್ದು ಮಹಾನವಮಿಯ ಹಿಂದಿನ ಸಂಜೆ. ಮರುದಿನ ಎಳೆಬಿಸಿಲು, ಸ್ವೆಟರೂ ಬೇಡದ ಹವೆ. ಅಕ್ಟೋಬರಿನಲ್ಲಿ ಕೆನಡಾದ ಈ ಮಿಸಿಸಾಗದಲ್ಲಿ ಅಂಥ ದಿನ ಮತ್ತೆ ಬರುತ್ತದೆಂದು ನಂಬುವಂತಿಲ್ಲ. ಬೆಳಿಗ್ಗೆಯೇ ಗ್ಯಾರೇಜಿಗೆ ಹೋದೆ. ಟೂಲ್‌ಬಾಕ್ಸ್ ಖಾಲಿ. ಸ್ಪ್ಯಾನರು, ಸಾಕೆಟ್ಟು, ಟಾರ್ಕ್ ರೆಂಚು, ಎರಡೂ ಫ್ಲೋರ್‌ಬೋರ್ಡುಗಳು ಅರಿಶಿನ ಕುಂಕುಮ ಹಚ್ಚಿಸಿಕೊಂಡು, ತಲೆಗೊಂದು ಚೆಂಡು ಹೂ ಇಟ್ಟುಕೊಂಡು ಆಯುಧಪೂಜೆಗೆಂದು ದೇವರ ಮುಂದೆ ಕೂತಿದ್ದವು. ಪಕ್ಕದಲ್ಲಿ ಈಳಿಗೆ, ಕತ್ತರಿ, ನನ್ನ ಲ್ಯಾಪ್‌ಟಾಪು.

"ಖಂಡೇ ಪೂಜಾ ರೀ. ನಾಳೆ ಮಂಗಳಾರತಿ ಆಗೂತನಕ ಕೈ ಹಚ್ಚಬ್ಯಾಡ್ರಿ."

"ಒಂದ ಸ್ಪ್ಯಾನರ್ ಆದ್ರೂ ಕೊಡು. ಇವತ್ತ ಹವಾ ಚಲೋ ಐತಿ."

"ಹವಾ ನೋಡಿ ದೇವ್ರು ಏಳ್ತಾನೇನ್ರಿ?"

ಪಕ್ಕದ ಮನೆಯ ಪಂಜಾಬಿಯಿಂದ ಸ್ಪ್ಯಾನರು ತರಬಹುದಿತ್ತು. ಆದರೆ ಹಲಗೆಗಳೇ ಪೂಜೆಗೆ ಕೂತಿದ್ದವಲ್ಲ. ಸಿಟ್ಟು ಬಂತು. ದೇವರ ಮೇಲೋ ಹೆಂಡತಿಯ ಮೇಲೋ ಎಂದು ತೀರ್ಮಾನವಾಗದೆ ಗ್ಯಾರೇಜು ಗುಡಿಸಿದೆ. ಬಿಸಿಲು ಸಂಜೆಯವರೆಗೂ ಚೆನ್ನಾಗಿಯೇ ಇತ್ತು.

ದಸರೆಯ ದಿನ ಮೋಡ, ಕೊರೆಯುವ ಗಾಳಿ. ಮಂಗಳಾರತಿ ಮುಗಿಯುತ್ತಲೇ ಹಳೆಯ ಫುಟ್‌ರೆಸ್ಟ್ ಬಿಚ್ಚಿ, ಬ್ರ್ಯಾಕೆಟ್ ಕೂರಿಸಿ, ಹಲಗೆಗಳನ್ನು ಮಟ್ಟಸಮಾಡಿ ಬೋಲ್ಟು ಬಿಗಿದೆ. ಕೈಯೆಲ್ಲ ಕುಂಕುಮ. ತಯಾರಾಗಿ ಬೈಕಿನ ಮುಂದಿನ ಸೀಟಿನಲ್ಲಿ ಕೂತೆ. ಅವಳು ದಪ್ಪ ಜಾಕೆಟ್ಟು, ಹೆಲ್ಮೆಟ್ಟು ಹಾಕಿಕೊಂಡು ಬಂದಳು. ಕಾಲಿಡುವ ಮುಂಚೆ ಹಲಗೆ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಅಲ್ಲೇ ನಿಂತಳು.

"ಏನಾತು?"

"ಹತ್ತೂದು ಹೆಂಗ್ರಿ?"

ನಾನು ಅಳೆದದ್ದೆಲ್ಲ ಕೂತ ಮೇಲಿನ ಲೆಕ್ಕ. ಹತ್ತಬೇಕಾದರೆ ಎಡಗಾಲು ಹಲಗೆಯ ಮೇಲಿಟ್ಟು, ಮಡಚಿದ ಅದೇ ಮೊಣಕಾಲಿನ ಮೇಲೆ ಇಡೀ ಮೈಭಾರ ಎತ್ತಬೇಕು. ಅದು ಅವಳಿಂದ ಆಗದು. ಅಷ್ಟು ದಿನ ಒಮ್ಮೆಯೂ ಇದು ನನ್ನ ತಲೆಗೆ ಹೊಳೆದಿರಲಿಲ್ಲ. ಅಳು ಬಂದಂತಾಯಿತು. ಹೆಲ್ಮೆಟ್ ಹಾಕಿಕೊಂಡಿದ್ದೆ, ಒಳ್ಳೆಯದಾಯಿತು.

ಅವಳು ಒಳಗೆ ಹೋದಳು. ಮುಗಿಯಿತು ಅಂದುಕೊಂಡು ಗ್ಲೌಸು ಬಿಚ್ಚತೊಡಗಿದೆ. ಅಷ್ಟರಲ್ಲಿ, ಮೇಲಿನ ಕಪಾಟಿನ ಡಬ್ಬಿ ತೆಗೆಯಲು ಇಟ್ಟುಕೊಂಡಿದ್ದ ಅಡುಗೆಮನೆಯ ಸ್ಟೂಲನ್ನು ಎತ್ತಿಕೊಂಡು ಬಂದಳು. ಬೈಕಿನ ಪಕ್ಕ ಇಟ್ಟು, ಒಳ್ಳೆಯ ಕಾಲು ಮೊದಲಿಟ್ಟು ಸ್ಟೂಲು ಹತ್ತಿ, ನನ್ನ ಭುಜ ಹಿಡಿದು ಆ ಕಡೆ ಕಾಲು ದಾಟಿಸಿ ಕೂತಳು. ಎರಡೂ ಪಾದ ಹಲಗೆಯ ಮೇಲೆ ಊರಿದವು.

"ಕಾಲ ಆರಾಮ ಅದಾವ," ಅಂದಳು.

ನನಗೆ ಇನ್ನೊಂದು ಯೋಚನೆ ಹತ್ತಿತು. "ಸ್ಟ್ರೀಟ್ಸ್‌ವಿಲ್ಲಿಗೆ ಹೋಗಿ ಕಾಫಿ ಕುಡಿಯೂಣು ಅಂದ್ರ, ಅಲ್ಲಿ ಇಳಿಯೂದು ಹೆಂಗ? ಸ್ಟೂಲು ಇಲ್ಲೇ ಉಳೀತೈತಿ."

ಅವಳು ನನ್ನ ಜಾಕೆಟ್ಟನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

"ಒಂದ ವರ್ಷ ಕೆಳಗ ನಿಂತ ನೋಡೇನಿ. ಈಗ ಇಳಿಯೂ ಮಾತ ಯಾಕ್ರಿ? ನಡೀರಿ."