ಮಕ್ತಲ್ ಬಸ್ ಸ್ಟ್ಯಾಂಡಿಗೆ ಬಂದವನು

ದೆವ್ವ, ಪವಾಡ ಎಂಬ ಮಾತುಗಳನ್ನು ನಾನು ಎಂದೂ ನಂಬಿದವನಲ್ಲ. ಸೈನ್ಯದಲ್ಲಿದ್ದಾಗ, ಸತ್ತ ಸಿಪಾಯಿಯೊಬ್ಬ ಈಗಲೂ ಪಹರೆ ತಿರುಗುತ್ತಾನೆ ಎಂದು ಹುಡುಗರು ಹೇಳಿದರೆ, ‘ಹಾಗಾದರೆ ಇವತ್ತಿನ ಡ್ಯೂಟಿ ಅವನಿಗೇ ಹಾಕಿ’ ಎಂದು ನಗುತ್ತಿದ್ದೆ. ಈಗ ನಾನು ಬರೆಯುತ್ತಿರುವುದನ್ನು ನೀವು ನಂಬಬೇಕೆಂದು ಕೇಳುವುದಿಲ್ಲ. ಬೇರೆಯವರು ಬರೆದಿದ್ದರೆ ನಾನೂ ನಂಬುತ್ತಿರಲಿಲ್ಲ.

ಹವಾಲ್ದಾರನಾಗಿ ನಿವೃತ್ತನಾಗಿ ನಾರಾಯಣಪೇಟೆಗೆ ಬಂದಾಗ ನನ್ನ ಹೆಂಡತಿ ಪದ್ಮಾವತಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮದುವೆಯಾದಂದಿನಿಂದ ಅವಳು ಬಹುಪಾಲು ಒಬ್ಬಳೇ ಇದ್ದವಳು. ಸೀರೆ ನೇಯುತ್ತ ಮಗಳನ್ನು ಬೆಳೆಸಿ, ಗದ್ವಾಲಕ್ಕೆ ಮದುವೆ ಮಾಡಿ ಕೊಡುವವರೆಗೆ ಎಲ್ಲಕ್ಕೂ ಅವಳೇ ನಿಂತಿದ್ದಳು. “ಇನ್ನ ಎಲ್ಲೀಗೂ ಹೋಗೂದಿಲ್ಲ, ಹೌದಿಲ್ಲರಿ?” ಎಂದು ಕೇಳಿದಳು. ಇಲ್ಲ ಎಂದೆ. ಹೇಳುವಾಗ ಅದು ಸುಳ್ಳೂ ಆಗಿರಲಿಲ್ಲ.

ಆದರೆ ಮನೆ ನನಗೆ ಒಗ್ಗಲಿಲ್ಲ. ಲುಂಗಿ ಉಟ್ಟುಕೊಂಡು ಅವಳ ಮಗ್ಗದ ಪಕ್ಕ ಕೂತು ನೂಲು ಸುತ್ತಿಕೊಡಲು ಹೋಗುತ್ತಿದ್ದೆ. ಎಳೆ ಹರಿಯುತ್ತಿತ್ತು. ಅವಳು ಬೇಸರಿಸದೆ ಗಂಟು ಹಾಕಿಕೊಳ್ಳುತ್ತಿದ್ದಳು. ಬೆಳಗ್ಗೆ ಬೇಗ ಎದ್ದು ಬೂಟಿಗೆ ಪಾಲಿಶ್ ಹಚ್ಚುತ್ತಿದ್ದೆ. ಹಾಕಿಕೊಂಡು ಹೋಗಲು ಜಾಗವಿರಲಿಲ್ಲ. ಮಾಜಿ ಸೈನಿಕರನ್ನು ಕಾವಲು ದಳಕ್ಕೆ ಮತ್ತೆ ಭರ್ತಿ ಮಾಡಿಕೊಳ್ಳುತ್ತಾರೆಂದು ತಿಳಿದಾಗ ಅವಳಿಗೆ ಹೇಳದೆ ಅರ್ಜಿ ಹಾಕಿದೆ. ನೆರೆತ ತಲೆಗೆ ಬಣ್ಣ ಹಚ್ಚಿಕೊಂಡು ಹೋಗಿ ಓಡಿದೆ, ಪಾಸಾದೆ. ಪಿಂಚಣಿ ಸಾಕಾಗುತ್ತಿತ್ತು, ಮಗ್ಗವೂ ನಡೆಯುತ್ತಿತ್ತು. ಯೂನಿಫಾರ್ಮ್ ತೊಟ್ಟರೆ ಮಾತ್ರ ನಾನು ಒಬ್ಬ ಮನುಷ್ಯ ಅನ್ನಿಸುತ್ತಿತ್ತು, ಅಷ್ಟೇ ಕಾರಣ. ಸುದ್ದಿ ಹೇಳಿದಾಗ ಮಗ್ಗದ ಮೇಲೆ ಅವಳ ಕೈ ನಿಂತಿತು. “ನಿಮಗ ಈ ಮನಿ ಸಾಕಾಗೇತಿ ಅನ್ರಿ” ಎಂದಳು.

ನನ್ನನ್ನು ಹಾಕಿದ್ದು ದೂರದ ಉತ್ತರ ಭಾರತದಲ್ಲಿ, ಸೈನ್ಯದ ಒಂದು ಡಿಪೋಗೆ. ವಯಸ್ಸಾದವರೇ ಹೆಚ್ಚು, ಸುಖವಾಗಿದ್ದೆವು. ಒಂದು ಸಂಜೆ ಫೋನಿನಲ್ಲಿ ಪದ್ಮಾವತಿ ಹೊಟ್ಟೆನೋವು ಎಂದಳು. ಜೀರಿಗೆ ಕಷಾಯ ಕುಡಿ, ಗದ್ವಾಲಕ್ಕೆ ಮಗಳ ಹತ್ತಿರ ಹೋಗಿ ಇದ್ದು ಬಾ ಎಂದೆ. ಆಯ್ತ್ರಿ ಎಂದಳು.

ಮರುದಿನ ಮಧ್ಯಾಹ್ನ ನಾನು ಗೇಟಿನ ಪಹರೆಯಲ್ಲಿದ್ದೆ. ಒಂದು ಲಾರಿಯವನ ಜೊತೆ ಜಗಳವಾಯಿತು. ಆಮೇಲೆ ಜೊತೆಯವರೊಂದಿಗೆ ಚಹಾ ಕುಡಿದು ಅದನ್ನೇ ಹೇಳಿಕೊಂಡು ನಕ್ಕೆವು. ನಾನು ಅಲ್ಲೇ ಇದ್ದೆನೆಂದು ಗಾರ್ಡ್ ಕಮಾಂಡರೇ ಹೇಳಬಲ್ಲ. ಆ ಮಧ್ಯಾಹ್ನ ಹೆಂಡತಿಯ ನೆನಪು ಒಂದು ಸಲವೂ ಬರಲಿಲ್ಲ. ಇದನ್ನೂ ಬರೆಯಲೇಬೇಕು.

ಸಂಜೆ ಮಗಳ ಫೋನು ಬಂತು. “ಅಪ್ಪಾ, ಎಲ್ಲಿ ಹೋದಿ? ಆಪರೇಷನ್ ಮುಗೀತು. ಅವ್ವ ನಿನ್ನ ಕೇಳಾಕತ್ಯಾಳ.” ಗಾಬರಿಗೆ ಏನೋ ಮಾತಾಡುತ್ತಿದ್ದಾಳೆ ಅಂದುಕೊಂಡೆ. ರಜೆ ಪಡೆದು ಹೊರಟೆ.

ಬಂದ ಮೇಲೆ ತಿಳಿದದ್ದು ಇಷ್ಟು. ಗದ್ವಾಲಕ್ಕೆ ಹೊರಟ ಪದ್ಮಾವತಿ ಬಸ್ಸು ಬದಲಿಸಲು ಮಕ್ತಲ್‌ನಲ್ಲಿ ಇಳಿದು, ಬಸ್ ಸ್ಟ್ಯಾಂಡಿನಲ್ಲೇ ನೋವಿಗೆ ಕುಸಿದು ಬಿದ್ದಿದ್ದಳು. ಒಬ್ಬ ಗಂಡಸು ಎತ್ತಿ ಆಟೋದಲ್ಲಿ ಮಲಗಿಸಿಕೊಂಡು ಅಲ್ಲಿಯ ಆಸ್ಪತ್ರೆಗೆ ಕರೆತಂದು, ಆಪರೇಷನ್ನಿಗೆ ಒಳಗೆ ಒಯ್ಯುವವರೆಗೂ ಕೈ ಹಿಡಿದು ಕೂತಿದ್ದ. ಅಪೆಂಡಿಕ್ಸ್ ಒಡೆದಿತ್ತು. ಇನ್ನಷ್ಟು ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಆಸ್ಪತ್ರೆಯವರು ಫೋನು ಮಾಡಿ, ಮಗಳು ಗದ್ವಾಲದಿಂದ ಓಡಿಬಂದಾಗ, “ನಿಮ್ಮ ಅಪ್ಪಾರು ಈಗಷ್ಟೇ ಹೊರಗ ಹೋದ್ರು” ಎಂದಿದ್ದಳು ನರ್ಸು. ಅವನು ಮತ್ತೆ ಬರಲಿಲ್ಲ.

“ನೀವು ಬಂದ್ರಿ ಅಂತ ನಾ ಉಳದೀನಿ” ಎಂದಳು ಪದ್ಮಾವತಿ. ನಾನು ಬಂದಿರಲಿಲ್ಲ ಎಂದೆ. ಅವಳು ಹೊಲಿಗೆ ನೋಯದಂತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. “ರಜಾ ಇಲ್ಲದ ಕದ್ದು ಬಂದೀರಿ. ನನ್ನ ಮುಂದನೂ ಅಂಜತೀರೇನು? ಯಾರಿಗೂ ಹೇಳೂದಿಲ್ಲ ಬಿಡ್ರಿ.”

ಯಾರೋ ಪುಣ್ಯಾತ್ಮ, ನೋವಿನ ಭ್ರಮೆಯಲ್ಲಿ ಇವಳಿಗೆ ನನ್ನಂತೆ ಕಂಡಿದ್ದಾನೆ ಅಂದುಕೊಂಡೆ. ಅವನನ್ನು ಹುಡುಕಿ ಕೈ ಮುಗಿಯಬೇಕೆಂದು ಮಕ್ತಲ್ ಬಸ್ ಸ್ಟ್ಯಾಂಡಿಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ನಡುವಯಸ್ಸಿನ ಆಟೋದವನೊಬ್ಬ ದೂರದಿಂದ ನೋಡಿ ಹತ್ತಿರ ಬಂದ.

“ಅಮ್ಮಗಾರು ಹ್ಯಾಂಗದಾರ್ರಿ, ಸಾರ್?”

ಅವನನ್ನು ನಾನು ಅದುವರೆಗೆ ನೋಡಿರಲಿಲ್ಲ. ನನ್ನ ಪರಿಚಯ ಹೇಗೆ ಎಂದು ಕೇಳಿದೆ.

“ಅಯ್ಯೋ, ತಲಿಗೆ ಬಣ್ಣ ಹಚ್ಚಿದ್ರ ಗುರುತು ಸಿಗೂದಿಲ್ಲೇನ್ರಿ? ಅವತ್ತ ಬೆಳ್ಳಗಿತ್ತು. ಲುಂಗಿ ಉಟ್ಟಿದ್ರಿ. ಮಗ್ಗದಿಂದ ಎದ್ದು ಹಂಗ ಓಡಿ ಬಂದವರಂಗ ಮೈಮ್ಯಾಲೆಲ್ಲ ನೂಲಿನ ಎಳಿ ಹತ್ತಿದ್ವು. ದಾರಿ ತುಂಬ ‘ಗಿಣಿ, ಕಣ್ಣ ತಗಿ, ಗಿಣಿ’ ಅಂತ ಅಮ್ಮಗಾರನ್ನ ಕರೀತಿದ್ರಿ.”

ಗಿಣಿ ಎಂಬುದು ಮದುವೆಯಾದ ಹೊಸದರಲ್ಲಿ ನಾನು ಪದ್ಮಾವತಿಗೆ ಇಟ್ಟಿದ್ದ ಹೆಸರು. ನಾವಿಬ್ಬರೇ ಇದ್ದಾಗ ಮಾತ್ರ ಕರೆಯುತ್ತಿದ್ದೆ. ಅದನ್ನು ಯಾವಾಗ ಬಿಟ್ಟೆನೋ ನನಗೇ ನೆನಪಿಲ್ಲ. ಮಗಳಿಗೂ ಗೊತ್ತಿಲ್ಲ. ಅವನ ಆಟೋದ ಅಂಚಿಗೇ ಕೂತೆ. “ನಿಮ್ಮಂಥ ಗಂಡಸರು ಕಮ್ಮಿ ಬಿಡ್ರಿ” ಎಂದು ಅವನು ನೀರು ತಂದುಕೊಟ್ಟ. ನನ್ನದಲ್ಲದ ಹೊಗಳಿಕೆಯನ್ನು ತಲೆ ತಗ್ಗಿಸಿ ಕೇಳಿಸಿಕೊಂಡೆ, ನೀರು ಕುಡಿದೆ.

ನೌಕರಿ ಬಿಟ್ಟುಬಿಡುತ್ತೇನೆ ಎಂದು ಮನೆಗೆ ಬಂದು ಹೇಳಿದೆ. ಪದ್ಮಾವತಿ ಕೇಳಲಿಲ್ಲ. “ಯಾಕ ಬಿಡ್ತೀರಿ? ಮದಲ ನೀವು ಹೋಗೂದಂದ್ರ ಜೀವ ಹೋದಂಗಾಗತಿತ್ತು. ಈಗ ಅಂಜಿಕಿಲ್ಲ. ಬೇಕಾದಾಗ ಬರ್ತೀರಲ್ಲ” ಎಂದು ಅವಳೇ ಬಟ್ಟೆ ಮಡಿಚಿ ಚೀಲಕ್ಕಿಟ್ಟಳು. ಬರುವವನು ನಾನಲ್ಲ ಎಂದು ತಿಳಿದೂ ಆ ಚೀಲ ಎತ್ತಿಕೊಂಡು ಹೋದೆ. ಅಲ್ಲಿ ಅವಧಿ ಮುಗಿಯುವವರೆಗೂ ಫೋನು ಬಂದಾಗಲೆಲ್ಲ, ಈ ನಡುವೆ ಅವನು ಮತ್ತೆ ಬಂದಿದ್ದನೇನೋ ಎಂದು ಅವಳ ಮಾತಿನಲ್ಲೇ ಹುಡುಕುತ್ತಿದ್ದೆ. ಕೇಳುವ ಧೈರ್ಯವಾಗಲಿಲ್ಲ.

ಈಗ ಆ ನೌಕರಿಯೂ ಮುಗಿದು ಮನೆಯಲ್ಲೇ ಇದ್ದೇನೆ. ನನ್ನನ್ನು ಹೋಲುವ ಯಾರೋ ಇದ್ದಿರಬಹುದು, ನೋವಿನಲ್ಲಿ ಅವಳೇ ಆ ಹೆಸರು ಬಡಬಡಿಸಿರಬಹುದು, ಆಟೋದವನಿಗೆ ಗೊಂದಲವಾಗಿರಬಹುದು. ಹೀಗೆಲ್ಲ ಯೋಚಿಸಿ ನೋಡಿದ್ದೇನೆ. ಒಂದು ಕಡೆ ಸರಿಹೋದರೆ ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತದೆ.

ಮೊನ್ನೆ ಮಧ್ಯಾಹ್ನ ಪದ್ಮಾವತಿ ಕೆಲಸ ನಿಲ್ಲಿಸಿ, “ಅವತ್ತ ಹಿಡಿದಿದ್ರಲ್ಲ, ಹಂಗ ಒಮ್ಮಿ ಕೈ ಹಿಡೀರಿ” ಎಂದಳು. ಹಿಡಿದೆ. ಬಿಡಲಿಲ್ಲ, ಮನಸ್ಸಿಟ್ಟೇ ಹಿಡಿದೆ. ಅವಳು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು. “ಹಿಂಗಿರಲಿಲ್ಲ” ಎಂದು ಮೆಲ್ಲಗೆ ಹೇಳಿ, ಕೈ ಬಿಡಿಸಿಕೊಂಡಳು.